ಗೋವಾ ಬಸ್ ಬೇಡ, ಕಾರವಾರದ ಬಸ್ ಹತ್ತಿ

ಪ್ರಶ್ನೆ: ನಾವು ದಾವಣಗೆರೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಡಿಸೆಂಬರ್ ಮೊದಲ ವಾರ ನಾನು, 64 ವರ್ಷದ ಅಮ್ಮ, 8 ವರ್ಷದ ಮಗಳು ಗೋವಾದಲ್ಲಿ ಗದ್ದಲವಿಲ್ಲದ ಒಂದು ಕಡಲ ಊರಿಗೆ ಹೋಗಬೇಕೆಂದಿದ್ದೇವೆ. ಕಾರಿಲ್ಲ, ಬಸ್ಸೇ ಗತಿ. ಅಮ್ಮನಿಗೆ ಮಂಡಿನೋವು, ಘಟ್ಟದಲ್ಲಿ ವಾಂತಿ ಬೇರೆ. ಹೋದ ವರ್ಷ ಅಣ್ಣ ಪಾಲೊಲೆಂಗೆ ಅಂತ ಗೋವಾ ಬಸ್ ಹತ್ತಿ ಮಾಪ್ಸಾದಲ್ಲಿ ಇಳಿದ. ಅಲ್ಲಿಂದ ಟ್ಯಾಕ್ಸಿಗೆ ಬಸ್ಸಿಗಿಂತ ಜಾಸ್ತಿ ದುಡ್ಡು ಕೊಟ್ಟ. ನೇರ ಬಸ್ ಯಾವುದು? ಗಡಿಯಲ್ಲಿ ತಪಾಸಣೆ ಇರುತ್ತಾ? ಎಲ್ಲಿ ಇಳಿಯಬೇಕು?

ಉತ್ತರ: ನಿಮ್ಮ ಅಣ್ಣನ ಕತೆಯನ್ನು ನಾನು ಹೆಸರು ಮಾತ್ರ ಬದಲಾಯಿಸಿ ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕ ಇಲ್ಲ. ತಪ್ಪು ಅವರದ್ದಲ್ಲ. ಬಸ್ಸಿನವರ ಲೆಕ್ಕದಲ್ಲಿ 'ಗೋವಾ' ಅಂದರೆ ಪಣಜಿ, ಮಾಪ್ಸಾ, ಕಲಂಗುಟ್. ನಿಮಗೆ ಬೇಕಾಗಿರುವ ಗೋವಾ ಅದಲ್ಲ. ಗದ್ದಲವಿಲ್ಲದ ತೀರ ಇರುವುದು ದಕ್ಷಿಣದ ತುದಿಯಲ್ಲಿ, ಪಾಲೊಲೆಂ ಇರುವ ಕಾಣಕೋಣ ತಾಲೂಕಿನಲ್ಲಿ. ಅದು ಪಣಜಿಯಿಂದ ಹೆಚ್ಚುಕಡಿಮೆ 70 ಕಿಲೋಮೀಟರ್ ದೂರ. ಕಾರವಾರದಿಂದ 40ರೊಳಗೆ. ಅಂದರೆ ಗೋವಾದ ರಾಜಧಾನಿಗಿಂತ ನಮ್ಮ ಜಿಲ್ಲಾ ಕೇಂದ್ರವೇ ಅದಕ್ಕೆ ಹತ್ತಿರ. ಇದೊಂದು ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ.

ನಾನು ಸದಾಶಿವಗಡದವನು, ಕಾಳಿ ನದಿಯ ಆಚೆ ದಡ. ಹನ್ನೊಂದು ವರ್ಷ ಮಡಗಾಂವ್‌ನಲ್ಲಿ ಕೆಲಸ ಮಾಡಿದೆ, ವಾರಕ್ಕೊಮ್ಮೆ ಊರಿಗೆ ಬಸ್ಸಿನಲ್ಲೇ ಬಂದು ಹೋಗುತ್ತಿದ್ದೆ. ಹಾಗಾಗಿ ನನ್ನ ಸಲಹೆ ಒಂದೇ: ಗೋವಾ ಬಸ್ಸಿನ ಹೆಸರೇ ಎತ್ತಬೇಡಿ. ಕಾರವಾರಕ್ಕೆ ಬನ್ನಿ. ಅಲ್ಲಿ ಇಳಿದು ತಿಂಡಿ ತಿಂದು, ಮುಖ ತೊಳೆದು, ಮಡಗಾಂವ್ ಕಡೆ ಹೋಗುವ ಸಾದಾ ಬಸ್ಸಿನಲ್ಲಿ ಗಡಿ ದಾಟಿ.

ಯಾಕೆ ಅಂತ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವ ಗೋವಾ ಬಸ್ಸುಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕಾರವಾರದ ಮೇಲೆ ಬರುತ್ತವೆ. ಕೆಲವು ಧಾರವಾಡ ದಾಟಿ ಅನಮೋಡ ಘಟ್ಟ ಇಳಿದು ಮೊಲೆಂ, ಪೋಂಡಾ ಕಡೆಯಿಂದ ಪಣಜಿಗೆ. ಕೆಲವು ಬೆಳಗಾವಿಗೆ ಹೋಗಿ ಚೋರ್ಲಾ ಘಟ್ಟದಲ್ಲಿ ಇಳಿಯುತ್ತವೆ. ಈ ಕೊನೆಯ ಎರಡು ದಾರಿಗಳಲ್ಲಿ ಹೋದರೆ ಕಾಣಕೋಣ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಟಿಕೆಟ್ ಮೇಲೆ 'ಗೋವಾ' ಅಂತಷ್ಟೇ ಇರುತ್ತದೆ. ನಿಮ್ಮ ಅಣ್ಣ ಹತ್ತಿದ್ದು ಬಹುಶಃ ಇಂಥದ್ದೇ.

ಇನ್ನು ಕಾರವಾರದ ಮೇಲೇ ಬರುವ ಸ್ಲೀಪರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರಲ್ಲೂ ಒಂದು ತೊಡಕಿದೆ. ಕಾಣಕೋಣದ ಪೇಟೆಯ ಹೆಸರು ಚಾವ್ಡಿ. ಮೊದಲು ಹೆದ್ದಾರಿ ಪೇಟೆಯ ನಡುವೆಯೇ ಹೋಗುತ್ತಿತ್ತು, ಬಸ್ಸೆಲ್ಲ ಅಲ್ಲೇ ನಿಲ್ಲುತ್ತಿತ್ತು. 2019ರಲ್ಲಿ ಬೈಪಾಸ್ ಆಯಿತು, ಮನೋಹರ್ ಪರಿಕ್ಕರ್ ಹೆಸರಿನದು. ಆಮೇಲೆ ದೂರದ ಬಸ್ಸುಗಳಿಗೆ ಪೇಟೆಯೊಳಗೆ ಬರುವ ಉಮೇದಿಲ್ಲ. ಒಮ್ಮೆ ನಾನೂ ಸಿಕ್ಕಿಹಾಕಿಕೊಂಡಿದ್ದೆ. ಬೆಂಗಳೂರಿನಿಂದ ಒಂದು ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದೆ, ಚಾವ್ಡಿಯಲ್ಲಿ ಗೆಳೆಯನ ಮನೆಗೆ ಹೋಗಬೇಕಿತ್ತು, ಹತ್ತುವಾಗಲೇ ಹೇಳಿದ್ದೆ, ಕ್ಲೀನರ್ 'ಆಯ್ತು ಸಾರ್' ಅಂದಿದ್ದ. ಕಣ್ಣು ಬಿಟ್ಟಾಗ ಬಸ್ಸು ಬೈಪಾಸಿನಲ್ಲಿ ಓಡುತ್ತಿತ್ತು. ಕೂಗಿ ನಿಲ್ಲಿಸಿದರೆ ಪೇಟೆ ಮುಗಿದು ಚಾರ್ ರಸ್ತಾ ಬಂದಿತ್ತು. ಬ್ಯಾಗ್ ಹೊತ್ತು ಹಿಂದಕ್ಕೆ ನಡೆದೆ. ನನಗೆ ಪರವಾಗಿಲ್ಲ. ಮಂಡಿನೋವಿರುವ ಅಮ್ಮನಿಗೆ ಇದು ಬೇಡ ಅಲ್ವಾ?

ಈಗ ನಿಮ್ಮ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ಕಾರವಾರಕ್ಕೆ ದಾರಿ ನೋಡಿಕೊಂಡು 520ರಿಂದ 580 ಕಿಲೋಮೀಟರ್. ರಾತ್ರಿ ಬಸ್ಸಾದರೆ ಹತ್ತು ಹನ್ನೊಂದು ಗಂಟೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಕಂಡ ಒಂದು ಒಳ್ಳೆಯ ಸುದ್ದಿ, ನೀವು ದಾವಣಗೆರೆಯವರು. ದಾವಣಗೆರೆ ಅಂದರೆ ಹೆಚ್ಚುಕಡಿಮೆ ಅರ್ಧ ದಾರಿ! ಊರಲ್ಲಿ ಮನೆಯೋ ನೆಂಟರೋ ಇದ್ದೇ ಇರುತ್ತಾರೆ. ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಯಾಕೆ? ಮೊದಲ ದಿನ ಬೆಳಿಗ್ಗೆ ಬೆಂಗಳೂರು ಬಿಟ್ಟು ದಾವಣಗೆರೆಗೆ ಹೋಗಿ, ರಾತ್ರಿ ಮನೆಯ ರೊಟ್ಟಿ ಉಂಡು ಮಲಗಿ. ಮಾರನೇ ದಿನ ಬೆಳಗ್ಗೆಯೇ ಹುಬ್ಬಳ್ಳಿ. ಅಲ್ಲಿಂದ ಕಾರವಾರದ ಬಸ್, ಸುಮಾರು 165 ಕಿಲೋಮೀಟರ್, ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಸಂಜೆಯೊಳಗೆ ಕಾರವಾರ. ಸುಸ್ತಾಗಿದ್ದರೆ ಅಲ್ಲೇ ಒಂದು ರಾತ್ರಿ ಉಳಿದು ಬೆಳಿಗ್ಗೆ ಗಡಿ ದಾಟಿ. ಹುಬ್ಬಳ್ಳಿಯಲ್ಲಿ ಒಂದಕ್ಕಿಂತ ಹೆಚ್ಚು ಬಸ್ ನಿಲ್ದಾಣಗಳಿವೆ, ಊರು ಮುಟ್ಟುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ, ಕಾರವಾರದ ಗಾಡಿ ಎಲ್ಲಿಂದ ಬಿಡುತ್ತದೆ ಅಂತ. ಇಲ್ಲದಿದ್ದರೆ ಆಟೋದವರಿಗೆ ನೀವೇ ಆ ದಿನದ ಬೋಣಿಗೆ.

ಹಗಲು ಬಸ್ಸಿಗೆ ಇನ್ನೊಂದು ಕಾರಣವೂ ಇದೆ. ನೀವು ಮೂವರೂ ಹೆಣ್ಣುಮಕ್ಕಳು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಕೆಂಪು ಬಸ್ಸಿನಲ್ಲಿ, ಅಂದರೆ ಸಾಮಾನ್ಯ ಮತ್ತು ವೇಗದೂತ ಗಾಡಿಗಳಲ್ಲಿ, ರಾಜ್ಯದೊಳಗೆ ಪ್ರಯಾಣ ಉಚಿತ. ಹೀಗೆ ಬಿಡಿಬಿಡಿಯಾಗಿ ಬಂದರೆ ಕಾರವಾರದವರೆಗೆ ನಿಮಗೆ ಒಂದು ರೂಪಾಯಿಯ ಟಿಕೆಟ್ ಖರ್ಚಿಲ್ಲ. ರಾಜಹಂಸ, ಐರಾವತ, ಪಲ್ಲಕ್ಕಿ ಇವಕ್ಕೆ ಶಕ್ತಿ ಇಲ್ಲ, ಅದು ನಿಮಗೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಜನ ಜಗಳ ಮಾಡುವುದು ಬೇರೆ ಕಡೆ: ಹುಬ್ಬಳ್ಳಿಯಲ್ಲಿ ಪಣಜಿಗೆ ಹೋಗುವ ಕೆಂಪು ಬಸ್ ಕಂಡರೆ, 'ಕಾರವಾರದಲ್ಲೇ ಇಳಿಯುತ್ತೇವೆ, ಅಲ್ಲಿವರೆಗೆ ಫ್ರೀ ಕೊಡಿ' ಅಂತ ವಾದ ಮಾಡಬೇಡಿ. ಅಂತರರಾಜ್ಯ ಗಾಡಿಯಲ್ಲಿ ಉಚಿತ ಇಲ್ಲ, ನೀವು ರಾಜ್ಯದೊಳಗೇ ಇಳಿದರೂ ಇಲ್ಲ. ಕಾರವಾರಕ್ಕೇ ನಿಲ್ಲುವ ಗಾಡಿ ನೋಡಿ ಹತ್ತಿ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಅಮ್ಮನದ್ದೂ, ಮಗಳದ್ದೂ.

ಘಟ್ಟದ ವಾಂತಿ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಬರುತ್ತದೆ. ರಾತ್ರಿ ಸ್ಲೀಪರಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿ ಅದನ್ನು ಇಳಿಯುವುದು ಗಟ್ಟಿ ಹೊಟ್ಟೆಯವರಿಗೂ ಕಷ್ಟ. ಕತ್ತಲಲ್ಲಿ ದೇಹ ಒಂದು ಕಡೆ ವಾಲುತ್ತದೆ, ಯಾಕೆ ಅಂತ ಕಣ್ಣಿಗೆ ಕಾಣುವುದಿಲ್ಲ, ತಲೆ ಸುತ್ತುತ್ತದೆ. ಹಗಲಲ್ಲಿ ಮುಂದಿನ ರಸ್ತೆ ಕಾಣುತ್ತಿದ್ದರೆ ಅರ್ಧ ತೊಂದರೆ ಅಲ್ಲೇ ಕಡಿಮೆ. ಅಮ್ಮನನ್ನು ಬಸ್ಸಿನ ಮುಂಭಾಗದಲ್ಲಿ ಅಥವಾ ಮಧ್ಯದಲ್ಲಿ ಕೂರಿಸಿ, ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ. ಯಲ್ಲಾಪುರದಲ್ಲಿ ಬಸ್ ನಿಂತಾಗ ಊಟ ಮಾಡಿಸಬೇಡಿ, ಸುಮ್ನೆ ಒಂದು ಚಹಾ, ಎರಡು ಬಿಸ್ಕತ್ತು ಸಾಕು. ವಾಂತಿ ಮಾತ್ರೆ ಕೊಡುವುದಾದರೆ ನಿಮ್ಮ ಡಾಕ್ಟರನ್ನು ಕೇಳಿ, ಘಟ್ಟ ಶುರುವಾಗುವ ಅರ್ಧ ಮುಕ್ಕಾಲು ಗಂಟೆ ಮೊದಲೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೇ ಹೊರಗೆ ಬರುತ್ತದೆ.

ಹಾಗಿದ್ದೂ ರಾತ್ರಿ ಸ್ಲೀಪರೇ ಬೇಕು, ರಜೆ ಇಲ್ಲ ಅಂತೀರಾದರೆ ಕೆಳಗಿನ ಬರ್ತ್, ಮಧ್ಯದ ಸಾಲು, ಟಿಕೆಟ್ ಕಾರವಾರಕ್ಕೆ. ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಅದರ ಜಾಗದಲ್ಲಿ ಇದೆಯಾ ಅಂತ ಒಮ್ಮೆ ನೋಡಿ, ಮಗಳಿಗೂ ತೋರಿಸಿ. ಮುಜುಗರ ಬೇಡ. ಬಾತ್‌ರೂಮಿಗೆ ಎಲ್ಲಿ ನಿಲ್ಲಿಸುತ್ತೀರಿ ಅಂತ ಹೊರಡುವ ಮೊದಲೇ ಕೇಳಿ. ಊಟದ ನಿಲುಗಡೆ ಬಿಟ್ಟರೆ ಬೆಳಗಿನವರೆಗೆ ನಿಲ್ಲಿಸದ ಗಾಡಿಗಳೂ ಇವೆ.

ಅಂಕೋಲಾ ದಾಟಿದ ಮೇಲೆ ಎಡಗಡೆ ಕಿಟಕಿ ಹಿಡಿಯಿರಿ. ಸಮುದ್ರ ಆ ಕಡೆಗೇ. ನಡುವೆ ಅರ್ಗಾದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ, ಐಎನ್‌ಎಸ್ ಕದಂಬ, ಅಲ್ಲಿ ಫೋನ್ ಎತ್ತಿ ಫೋಟೋ ಹೊಡೆಯಬೇಡಿ. ಬಿಣಗಾ ಕಳೆದರೆ ಸುರಂಗ, ಸುರಂಗ ಮುಗಿದರೆ ಕಾರವಾರ. ಬಿಣಗಾದ ಎದುರಿಗೇ ಸಮುದ್ರದಲ್ಲಿ ಅಂಜುದೀವ್ ಅನ್ನುವ ದ್ವೀಪ ಇದೆ. ಕಾರವಾರದ ಅಂಗಳದಲ್ಲೇ ಇದ್ದರೂ ಅದು ಸೇರಿರುವುದು ಗೋವಾಕ್ಕೆ, ಪೋರ್ಚುಗೀಸರು ಹಿಡಿದುಕೊಂಡಿದ್ದರು ಅನ್ನುವ ಕಾರಣಕ್ಕೆ. ಗಡಿ ಅನ್ನುವುದು ಈ ಕಡೆ ಹೀಗೇ, ನೇರವಾಗಿ ಒಂದು ಗೆರೆ ಎಳೆದ ಹಾಗೆ ಇಲ್ಲ.

ಕಾರವಾರದ ಬಸ್ ನಿಲ್ದಾಣದ ಸುತ್ತ ಬೆಳಿಗ್ಗೆ ಬನ್ಸ್, ಭಾಜಿ ಸಿಗುತ್ತದೆ. ತಿನ್ನಿ. ಸಿಹಿ ಬನ್ಸಿಗೆ ಖಾರದ ಭಾಜಿ ಅದ್ದಿ ತಿನ್ನುವುದು ಘಟ್ಟದ ಮೇಲಿನವರಿಗೆ ಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ಎರಡನೇ ಪ್ಲೇಟ್ ಕೇಳುತ್ತಾರೆ. ಇದೇ ನಿಲ್ದಾಣದಿಂದ ಮಡಗಾಂವ್ ಕಡೆಗೆ ನಮ್ಮ ವಾಯವ್ಯ ಸಾರಿಗೆ ಬಸ್ಸೂ ಹೋಗುತ್ತದೆ, ಗೋವಾ ಸರ್ಕಾರದ ಕದಂಬ ಬಸ್ಸೂ ಹೋಗುತ್ತದೆ. ಯಾವುದು ಮೊದಲು ಬಂತೋ ಅದು. ಕದಂಬ ಅನ್ನುವ ಹೆಸರು ನೋಡಿ ನಮ್ಮವರು ಕೆಲವರು ಇದು ಕರ್ನಾಟಕದ್ದೇ ಅಂದುಕೊಂಡು ಆಧಾರ್ ತೋರಿಸುತ್ತಾರೆ. ಅದು ಗೋವಾದ್ದು. ಹೆಸರು ಮಾತ್ರ ಹಿಂದೆ ಗೋವಾ ಆಳಿದ ಕದಂಬರದು, ಆ ವಂಶದ ಮೂಲ ಬನವಾಸಿ, ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ. ಹಾಗಂತ ಟಿಕೆಟ್ ಬಿಡುವುದಿಲ್ಲ. ಇಲ್ಲಿಂದ ಮುಂದೆ ದುಡ್ಡು ಕೊಡಲೇಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಒಬ್ಬರು ನನ್ನನ್ನು ಕೇಳಿದ್ದರು, ಮಾಜಾಳಿವರೆಗೆ ಲೋಕಲ್ ಬಸ್ಸಿನಲ್ಲಿ ಫ್ರೀ ಹೋಗಿ ಅಲ್ಲಿಂದ ಗಡಿ ನಡೆದು ದಾಟಿದರೆ ಹೇಗೆ ಅಂತ. ದಾಟಬಹುದು. ಆಚೆ ಬಿಸಿಲಲ್ಲಿ ನಿಂತು ಕೈ ಅಡ್ಡ ಹಿಡಿದಾಗ ತುಂಬಿದ ಬಸ್ ನಿಲ್ಲಿಸುತ್ತಾನಾ ಅನ್ನುವುದು ಪ್ರಶ್ನೆ.

ಬಸ್ಸು ಕೋಡಿಬಾಗ ದಾಟಿ ಕಾಳಿ ಸೇತುವೆಗೆ ಏರುತ್ತದೆ. ಎಡಗಡೆ ನದಿ ಸಮುದ್ರ ಸೇರುವ ಜಾಗ, ಎದುರಿಗೆ ಸದಾಶಿವಗಡದ ಗುಡ್ಡ. ಇಲ್ಲಿ ಜೋಡಿ ಸೇತುವೆ ಇತ್ತು. ನಾನು ಸಾವಿರ ಸಲವಾದರೂ ದಾಟಿರಬಹುದಾದ ಹಳೆಯದು 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ಮೇಲಿದ್ದ ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಡ್ರೈವರ್ ಬದುಕಿದ. ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾ ಹತ್ತಿರ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಜರಿದು ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ, ನೀವು ಬರುವುದು ಡಿಸೆಂಬರಿನಲ್ಲಿ. ಆದರೆ ಇದನ್ನು ಓದುವ ಬೇರೆ ಯಾರಾದರೂ ಜುಲೈಯಲ್ಲಿ 'ಮಳೆ ನೋಡುತ್ತಾ ಹೋಗೋಣ' ಅಂದುಕೊಂಡಿದ್ದರೆ, ಜುಲೈ, ಆಗಸ್ಟ್ ಎರಡು ತಿಂಗಳು ಈ ದಾರಿಯಲ್ಲಿ ರಾತ್ರಿ ಪ್ರಯಾಣ ಬಿಡಿ. ಮಳೆಗಾಲದಲ್ಲಿ ಅಲ್ಲಿ ತೀರದ ಗುಡಿಸಲುಗಳೂ ಇರುವುದಿಲ್ಲ, ಮೇ ಕೊನೆಗೆ ಬಿಚ್ಚಿ ಇಡುತ್ತಾರೆ, ಮತ್ತೆ ಕಟ್ಟುವುದು ಮಳೆ ಹೋದ ಮೇಲೆ.

ಈಗ ಗಡಿಯ ತಪಾಸಣೆ. ಈ ಕಡೆ ಮಾಜಾಳಿ, ಆ ಕಡೆ ಪೊಳೆಂ. ಹೋಗುವಾಗ ಬಸ್ಸಿನವರನ್ನು ಯಾರೂ ಏನೂ ಕೇಳುವುದಿಲ್ಲ ಅಂದರೂ ನಡೆಯುತ್ತದೆ. ಚುನಾವಣೆ ಸಮಯದಲ್ಲಿ ಒಂದಿಷ್ಟು ಬ್ಯಾಗ್ ನೋಡುತ್ತಾರೆ ಅಷ್ಟೆ. 1961ರ ಡಿಸೆಂಬರ್ 19ರವರೆಗೆ ಇದು ನಿಜವಾಗಿಯೂ ಬೇರೆ ದೇಶದ ಗಡಿ, ಆಚೆ ಪೋರ್ಚುಗೀಸ್ ಪೊಲೀಸರು. ನಮ್ಮ ಅಜ್ಜಿ ಗಡಿಯಾಚೆಯ ಲೋಲಿಯೆಂ ಕಡೆಯವಳು, ಮದುವೆಯಾಗಿ ಈ ಕಡೆ ಬಂದ ಮೇಲೆ ಆಕೆಯ ತವರು ರಾತ್ರೋರಾತ್ರಿ ಪರದೇಶವಾಗಿ, ಮತ್ತೆ ಒಂದು ದಿನ ಸ್ವದೇಶವಾಯಿತು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಈಗ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿ ಬೋರ್ಡುಗಳಲ್ಲಿ ಕನ್ನಡ ಹೋಗಿ ಇಂಗ್ಲಿಷ್, ದೇವನಾಗರಿ ಬಂದಾಗ. ಮಾತು ಬದಲಾಗುವುದಿಲ್ಲ, ಎರಡೂ ಕಡೆ ಕೊಂಕಣಿಯೇ. ಕಂಡಕ್ಟರಿಗೆ ಕನ್ನಡ ಬರುತ್ತದೆ, ಇಲ್ಲದಿದ್ದರೆ ಹಿಂದಿ ನಡೆಯುತ್ತದೆ. 'ಚಾವ್ಡಿ' ಅನ್ನಿ ಸಾಕು. 'ಪಾಲೊಲೆಂ ಬೀಚ್' ಅಂದರೆ ನೀವು ಪ್ರವಾಸಿ ಅಂತ ಇಡೀ ಬಸ್ಸಿಗೆ ಗೊತ್ತಾಗುತ್ತದೆ.

ಸಾದಾ ಬಸ್ಸು ಚಾವ್ಡಿ ಪೇಟೆಗೆ ಹೋಗುತ್ತದಾ ಅಂತ ಹತ್ತುವಾಗಲೇ ಒಂದು ಮಾತು ಕೇಳಿ. ಕಾರವಾರದಿಂದ ಒಂದು ಗಂಟೆ ಚಿಲ್ಲರೆ. ಇಳಿದ ಮೇಲೆ ಆಟೋ. ಓಲಾ, ಊಬರ್ ಗೋವಾದಲ್ಲಿ ಹುಡುಕಬೇಡಿ. ಹಳದಿ ಮಡ್‌ಗಾರ್ಡಿನ ಬೈಕುಗಳವರು 'ಪೈಲಟ್' ಅಂತ ಕರೆದರೆ ಅದು ಬೈಕ್ ಟ್ಯಾಕ್ಸಿ, ಒಂಟಿ ಪ್ರಯಾಣಿಕರಿಗೆ ಒಳ್ಳೆಯದು, ನಿಮಗಲ್ಲ.

ಯಾವ ತೀರ ಅನ್ನುವುದಕ್ಕೆ ನನ್ನ ಉತ್ತರ ಪಟ್ನೆಂ. ಪಾಲೊಲೆಂ ಚೆಂದವೇ, ಅರ್ಧಚಂದ್ರದ ಹಾಗೆ ಬಾಗಿದ ಕೊಲ್ಲಿ, ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು. ಆದರೆ ಗದ್ದಲವಿಲ್ಲದ ಊರು ಅಂತ ಅದನ್ನು ಇನ್ನು ಹೇಳಲಿಕ್ಕಾಗುವುದಿಲ್ಲ. ರಾತ್ರಿ ಹತ್ತರ ಮೇಲೆ ಹೊರಗೆ ಜೋರು ಹಾಡು ಹಾಕುವ ಹಾಗಿಲ್ಲ ಅಂತ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ಅಲ್ಲಿ ನಡೆಯುತ್ತದೆ. ಹೊರಗಿನಿಂದ ನೋಡಿದರೆ ಮೈಮೇಲೆ ದೇವರು ಬಂದವರ ಹಾಗೆ ಕಾಣುತ್ತಾರೆ. ಮಗಳಿಗೆ ತೋರಿಸಿದರೆ ನಗುತ್ತಾಳೆ. ಪಟ್ನೆಂ ಪಕ್ಕದ ತೀರ, ಚಾವ್ಡಿಯಿಂದ ಆಟೋದಲ್ಲಿ ಸ್ವಲ್ಪವೇ ದೂರ, ಜನ ಕಡಿಮೆ, ಪೇಟೆ ಹತ್ತಿರ ಅನ್ನುವುದರಿಂದ ಔಷಧಿ ಅಂಗಡಿಯೂ ಹತ್ತಿರ. ಅಮ್ಮ ಸಸ್ಯಾಹಾರಿಯಾದರೆ ಚಾವ್ಡಿಯಲ್ಲಿ ಊಟ ಸಿಗುತ್ತದೆ. ಕೋಣೆ ತೆಗೆದುಕೊಳ್ಳುವಾಗ ಮೆಟ್ಟಿಲು ಎಷ್ಟು ಅಂತ ಕೇಳಿ. ಮರದ ಕಂಬಗಳ ಮೇಲೆ ಎತ್ತರಿಸಿದ ಗುಡಿಸಲುಗಳು ಫೋಟೋದಲ್ಲಿ ಚೆಂದ, ಮಂಡಿಗೆ ಶಿಕ್ಷೆ.

ಆಗೊಂದ ಇನ್ನೂ ನಿಶ್ಶಬ್ದ, ಉದ್ದನೆಯ ತೀರ, ನನಗೆ ಅದೇ ಇಷ್ಟ. ಆದರೆ ಚಾವ್ಡಿಯಿಂದ ಹತ್ತು ಕಿಲೋಮೀಟರ್ ದೂರ, ನೀರಿನ ಸೆಳೆತ ಜಾಸ್ತಿ. 8 ವರ್ಷದ ಮಗುವನ್ನು ಅಲ್ಲಿ ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ. ಎಲ್ಲೇ ಆದರೂ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದ ಬೇಡ.

ಒಂದು ಬೆಳಿಗ್ಗೆ ಗಾಲ್ಜಿಬಾಗಕ್ಕೆ ಹೋಗಿಬನ್ನಿ. ಗಾಳಿಮರದ ತೋಪು, ಉದ್ದ ಮರಳು, ಅಂಗಡಿ ಮುಂಗಟ್ಟು ಇಲ್ಲದಷ್ಟು ಕಡಿಮೆ, ನೀರು ಬಾಟಲಿ ತೆಗೆದುಕೊಂಡೇ ಹೋಗಿ. ಆಲಿವ್ ರಿಡ್ಲಿ ಕಡಲಾಮೆಗಳು ನವೆಂಬರಿನಿಂದ ಮಾರ್ಚಿನ ನಡುವೆ ಮೊಟ್ಟೆ ಇಡಲು ಬರುವ ತೀರ ಅದು. ಮೊಟ್ಟೆ ಒಡೆಯಲು ಒಂದೂವರೆ ಎರಡು ತಿಂಗಳು ಬೇಕು, ಹಾಗಾಗಿ ಡಿಸೆಂಬರ್ ಮೊದಲ ವಾರ ಮರಿಗಳು ಕಾಣುತ್ತವೆ ಅಂತ ಮಗಳಿಗೆ ಮಾತು ಕೊಡಬೇಡಿ. ಅರಣ್ಯ ಇಲಾಖೆ ಬಲೆ ಕಟ್ಟಿ ಕಾಯುವ ಜಾಗ ಕಂಡರೆ ದೂರದಿಂದ ನೋಡಿ. ರಾತ್ರಿ ಟಾರ್ಚ್ ಹಿಡಿದು ಹುಡುಕಲು ಹೋಗುವುದಂತೂ ಬೇಡವೇ ಬೇಡ, ಬೆಳಕಿಗೆ ಆಮೆ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ.

ಮರಳುವಾಗ ಮಾತ್ರ ಮಾಜಾಳಿಯಲ್ಲಿ ಅಬಕಾರಿಯವರು ಬಸ್ ಹತ್ತುತ್ತಾರೆ. ಗೋವಾದ ಮದ್ಯವನ್ನು ಪರವಾನಗಿ ಇಲ್ಲದೆ ಕರ್ನಾಟಕಕ್ಕೆ ತರುವ ಹಾಗಿಲ್ಲ, 'ಅಣ್ಣನಿಗೆ ಒಂದೇ ಒಂದು ಫೆನ್ನಿ' ಅಂದರೂ ಅಷ್ಟೆ. ನೀವು ತರಲಿಕ್ಕಿಲ್ಲ. ಪಕ್ಕದ ಸೀಟಿನವರು ತಂದಿರುತ್ತಾರೆ. ಸೀಟಿನ ಕೆಳಗೆ ಬಾಟಲಿ ಸಿಕ್ಕರೆ ಅದರ ಒಡೆಯ ಆ ಕ್ಷಣದಿಂದ ಇಡೀ ಬಸ್ಸಿನಲ್ಲಿ ಯಾರೂ ಇಲ್ಲ, ಬಸ್ಸು ನಿಂತೇ ಇರುತ್ತದೆ. ಒಮ್ಮೆ ಮುಕ್ಕಾಲು ಗಂಟೆ ಹಾಗೆ ನಿಂತಿದ್ದೆ. ಅದಕ್ಕೇ ಕಾರವಾರದಿಂದ ರಾತ್ರಿ ಬಸ್ ಕಾಯ್ದಿರಿಸಿದ್ದರೆ ಚಾವ್ಡಿಯನ್ನು ಮಧ್ಯಾಹ್ನ ಮೂರಕ್ಕೇ ಬಿಡಿ. ನಿಮ್ಮ ಬ್ಯಾಗ್ ಕಾಲ ಬಳಿ ಇಟ್ಟುಕೊಳ್ಳಿ, ಬೇರೆಯವರ ಚೀಲ 'ಸ್ವಲ್ಪ ಹಿಡ್ಕೊಳ್ಳಿ ಅಕ್ಕಾ' ಅಂದರೆ ಹಿಡಿಯಬೇಡಿ. ಗೋಡಂಬಿ, ಕೋಕಂ ಎಷ್ಟು ಬೇಕಾದರೂ ತನ್ನಿ, ಅದನ್ನು ಯಾರೂ ಕೇಳುವುದಿಲ್ಲ.